ಬಾವಿ ಕೊರೆದ ಕೈ

ಬೆಂಗಳೂರು
೧೮ ನವೆಂಬರ್ ೧೯೬೩

ಅಕ್ಕ ಲಕ್ಷ್ಮಿದೇವಮ್ಮನಿಗೆ ನಿನ್ನ ತಮ್ಮ ಗಂಗುಲಪ್ಪ ಮಾಡುವ ನಮಸ್ಕಾರ.

ನಾನು ಕ್ಷೇಮ. ಹಾಸ್ಟೆಲ್ ಬಿಟ್ಟು ಒಂದು ಕೋಣೆ ಹಿಡಿದಿದ್ದೇನೆ. ಬಾಡಿಗೆಗೆ ಕೊಡುವ ಮುಂಚೆ ಮನೆಯವರು "ನೀವು ಯಾವ ಜನ?" ಎಂದು ಕೇಳಿದರು. "ಡಾಕ್ಟರು" ಎಂದೆ. ಅವರು ಮತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆಲಸ ಸಿಕ್ಕಿದೆ. ಕೈಯಿಂದ ದುಡಿಯುವವರ ಕಾಯಿಲೆಗಳನ್ನು ಸಂಶೋಧನೆ ಮಾಡುವ ವಿಭಾಗ ನಮ್ಮದು. ಕಂಪ್ರೆಸರ್ ಮಿಷನ್ ಹಿಡಿದು ಬಾವಿಯ ಬಂಡೆ ಕೊರೆಯುವವರ ಕೈಗಳನ್ನು ಈ ಚಳಿಗಾಲದಲ್ಲೇ ನೋಡಬೇಕೆಂದು ನಮ್ಮ ಪ್ರೊಫೆಸರರು ಹೇಳಿದರು. ನನಗೆ ತಟ್ಟನೆ ಭಾವನವರ ನೆನಪಾಯಿತು. ಚಿಂತಾಮಣಿ, ಶಿಡ್ಲಘಟ್ಟದ ಕಡೆ ಬಂಡೆ ಸಿಕ್ಕಿದ ಬಾವಿಗೆಲ್ಲ ಅವರ ಗ್ಯಾಂಗೇ ಇಳಿಯುತ್ತದಲ್ಲ. ಜನವರಿಯಲ್ಲಿ ನಾವು ಜೀಪಿನಲ್ಲಿ ಬರುತ್ತೇವೆ. ಭಾವನವರು ತಮ್ಮ ಜೊತೆಗಾರರಿಗೆಲ್ಲ ಹೇಳಿಟ್ಟರೆ ನನಗೆ ದೊಡ್ಡ ಉಪಕಾರ.

ಏನನ್ನು ಹುಡುಕುತ್ತಿದ್ದೇವೆ ಎಂದು ನಾನೀಗ ಬರೆಯುವ ಹಾಗಿಲ್ಲ. ಮೊದಲೇ ಹೇಳಿದರೆ ಜನ ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆಂದು ಪ್ರೊಫೆಸರರ ಕಟ್ಟಪ್ಪಣೆ. ಹೆದರುವಂಥದ್ದೇನಿಲ್ಲ. ಬೆರಳಿಗೆ ಹತ್ತಿ ಸವರುತ್ತೇವೆ, ಸೂಜಿಯಿಂದ ಮೆಲ್ಲಗೆ ಚುಚ್ಚುತ್ತೇವೆ, ತಿಳಿಯುತ್ತದೆಯೇ ಇಲ್ಲವೇ ಎಂದು ಕೇಳುತ್ತೇವೆ, ಅಷ್ಟೆ.

ನಿನ್ನ ಮಗು ಕೊಂಡಮ್ಮನಿಗೆ ಒಂದು ಉಣ್ಣೆ ಟೋಪಿ ತೆಗೆದಿಟ್ಟಿದ್ದೇನೆ. ಬೇಗ ಉತ್ತರ ಬರೆ.

ನಿನ್ನ ತಮ್ಮ
ಗಂಗುಲಪ್ಪ


ಶಿಡ್ಲಘಟ್ಟ
೨೭ ನವೆಂಬರ್ ೧೯೬೩

ಚಿರಂಜೀವಿ ಗಂಗುಲಪ್ಪನಿಗೆ ಅಕ್ಕನ ಆಶೀರ್ವಾದ.

ಕಾಗದ ತಲುಪಿತು. ನಿಮ್ಮ ಭಾವ ಚೆನ್ನಾಗಿದ್ದಾರೆ. ಅವರ ಕೈಗಳೂ ಚೆನ್ನಾಗಿವೆ. ಗ್ಯಾಂಗಿನಲ್ಲಿ ಯಾರಿಗೂ ಏನೂ ಇಲ್ಲ.

ಜನವರಿಯಲ್ಲಿ ಅವರೆಲ್ಲ ಗೌರಿಬಿದನೂರಿನ ಕಡೆ ಕೆಲಸಕ್ಕೆ ಹೋಗುತ್ತಾರಂತೆ. ನೀವು ಬಂದರೂ ಯಾರೂ ಸಿಗುವುದಿಲ್ಲ. ಜೀಪು ನಮ್ಮ ಬೀದಿಗೆ ಬರುವುದು ಬೇಡ ಕಣಪ್ಪ. ನಾನು ರೇಷ್ಮೆ ನೂಲು ತೆಗೆಯಲು ಹೋಗುವ ಮನೆಯವರು ಒಂದಕ್ಕೆ ಎರಡು ಮಾತಾಡುವ ಜನ.

ಒಂದು ಮಾತು ಕೇಳಬೇಕಿತ್ತು. ಕೈ ನೋಡಿದ ಮೇಲೆ ಸರ್ಕಾರದವರು ಹೆಸರು ಬರೆದುಕೊಳ್ಳುತ್ತಾರೆಯೇ? ಬರೆದುಕೊಂಡು ಏನು ಮಾಡುತ್ತಾರೆ? ಪಕ್ಕದ ಮನೆಯವರು ಕೇಳಿದರು.

ಕೊಂಡಮ್ಮ ಇಲ್ಲಿಲ್ಲ. ನಗರಗೆರೆಯಲ್ಲಿ ಅವಳ ಸೋದರತ್ತೆಯ ಮನೆಯಲ್ಲಿ ಬಿಟ್ಟು ಬಂದಿದ್ದೇನೆ. ಈ ಸಲ ಇಲ್ಲಿ ಚಳಿ ಹೆಚ್ಚು. ಟೋಪಿ ನಿನ್ನ ಹತ್ತಿರವೇ ಇರಲಿ.

ಇಂತು ನಿನ್ನ ಅಕ್ಕ
ಲಕ್ಷ್ಮಿದೇವಮ್ಮ


ಬೆಂಗಳೂರು
೫ ಡಿಸೆಂಬರ್ ೧೯೬೩

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಓದಿ ಮನಸ್ಸಿಗೆ ನೋವಾಯಿತು. ತಮ್ಮ ಬರುತ್ತಾನೆಂದರೆ ಬರಬೇಡ ಅನ್ನುವವಳಲ್ಲ ನೀನು. ಭಾವನವರಿಗೆ ನನ್ನ ಮೇಲೆ ಕೋಪ ಇನ್ನೂ ಇಳಿದಿಲ್ಲವೆಂದು ಕಾಣುತ್ತದೆ. ದೀಪಾವಳಿಯಲ್ಲಿ ಅವರ ಕುಡಿತದ ಬಗ್ಗೆ ನಾನು ಎಲ್ಲರ ಮುಂದೆ ಮಾತಾಡಬಾರದಿತ್ತು. ಆ ದಿನ ಲೋಟ ಎರಡು ಸಲ ಅವರ ಕೈಯಿಂದ ಜಾರಿದ್ದು ನೋಡಿ ಬಾಯಿ ತಪ್ಪಿ ಅಂದುಬಿಟ್ಟೆ. ನನ್ನ ಪರವಾಗಿ ಒಂದು ಮಾತು ಹೇಳು.

ಪಕ್ಕದ ಮನೆಯವರಿಗೆ ಧೈರ್ಯ ಹೇಳು. ಹೆಸರು, ಊರು ಬರೆದುಕೊಳ್ಳುವುದು ನಿಜ. ಕೈ ಬಹಳ ಕೆಟ್ಟವರನ್ನು ಕೆಲಸದಿಂದ ಬಿಡಿಸಿ, ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡುವುದಕ್ಕೂ ನಮಗೆ ಅಪ್ಪಣೆಯಿದೆ. ಮನೆಯವರನ್ನೂ ವಿಚಾರಿಸುತ್ತೇವೆ. ಇಷ್ಟು ಏರ್ಪಾಡು ನಮ್ಮ ರಾಜ್ಯದಲ್ಲಿ ಮೊದಲ ಸಲ ಆಗುತ್ತಿದೆ. ಹೆದರುವುದಕ್ಕೆ ಏನಿದೆ ಹೇಳು?

ನಿನ್ನ ತಮ್ಮ
ಗಂಗುಲಪ್ಪ


ಬೆಂಗಳೂರು
೨೨ ಡಿಸೆಂಬರ್ ೧೯೬೩

ಅಕ್ಕ,

ಉತ್ತರವೇ ಇಲ್ಲ. ಟಪಾಲಿನವನ ದಾರಿ ಕಾದು ಸಾಕಾಗಿದೆ. ಕೊಂಡಮ್ಮನಿಗೆ ಮೈ ಹುಷಾರಿಲ್ಲವೇ? ನಿನಗೇ ಏನಾದರೂ ಆಗಿದೆಯೇ? ಹಿಂದಿನ ಕಾಗದದಲ್ಲಿ ನಿನ್ನ ಅಕ್ಷರ ಎಂದಿನಂತೆ ಇರಲಿಲ್ಲ.

ಜನವರಿ ಆರನೇ ತಾರೀಖು ನಮ್ಮ ಜೀಪು ಚಿಂತಾಮಣಿಗೆ ಬರುತ್ತದೆ. ನಿನಗೆ ಬೇಡವೆಂದರೆ ನಿಮ್ಮ ಬೀದಿಗೆ ಬರುವುದಿಲ್ಲ. ಕ್ಷೇಮ ಅಂತ ಒಂದೇ ಒಂದು ಸಾಲು ಹಾಕು.

ಗಂಗುಲಪ್ಪ


ಶಿಡ್ಲಘಟ್ಟ
೨೯ ಡಿಸೆಂಬರ್ ೧೯೬೩

ಗಂಗುಲಪ್ಪ,

ನಿಮ್ಮ ಭಾವ ಮನೆ ಬಿಟ್ಟು ಹೋಗಿದ್ದಾರೆ. ಎಲ್ಲಿಗೆ ಹೋದರೋ ಗೊತ್ತಿಲ್ಲ. ಇನ್ನು ಮುಚ್ಚಿಟ್ಟು ಏನು ಮಾಡಲಿ, ಕೇಳು.

ಹೋದ ವರ್ಷದ ಚಳಿಯಲ್ಲಿ ಶುರುವಾಯಿತು. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೊರಟರೆ ಅವರ ಬೆರಳುಗಳು ತುದಿಯಿಂದ ಬೆಳ್ಳಗಾಗುತ್ತಿದ್ದವು. ಹೆಣದ ಬೆರಳು ಹೇಗಿರುತ್ತದೋ ಹಾಗೆ. "ಈ ಬೆರ್ಳು ನಂದಲ್ಲ ಅನ್ಸುತ್ತೆ ಕಣೇ" ಅನ್ನುತ್ತಿದ್ದರು. ಬಿಸಿಲು ಏರಿದ ಮೇಲೆ ಸರಿಹೋಗುತ್ತಿತ್ತು. ಈ ವರ್ಷ ಗೆಣ್ಣಿನವರೆಗೂ ಏರಿದೆ. ಅಂಗಿಯ ಗುಂಡಿ ನಾನೇ ಹಾಕಬೇಕು. ಕಾರ್ತಿಕದಲ್ಲಿ ಒಂದು ದಿನ ನಾನು ರೇಷ್ಮೆ ಗೂಡು ಬೇಯಿಸುವ ಕಡೆ ಬಂದರು. ಬೆರಳು ಬೆಚ್ಚಗಾಗಲಿ ಎಂದು ಕುದಿಯುವ ನೀರಿನಲ್ಲಿ ಅದ್ದಿ ನನ್ನ ಜೊತೆ ಮಾತಾಡುತ್ತಾ ನಿಂತರು. ನಾನೇ ನೋಡಿ ಚೀರಿ ಕೈ ಎಳೆದೆ. ಚರ್ಮ ಬೆಂದು ಗುಳ್ಳೆ ಎದ್ದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ.

ನಿನಗೆ ಎರ್ರಪ್ಪ ಗೊತ್ತಿಲ್ಲ. ಇವರ ಜೊತೆ ಮಿಷನ್ ಹಿಡಿಯುತ್ತಿದ್ದವನು, ಚಿಂತಾಮಣಿ ಪಕ್ಕದ ಹಳ್ಳಿಯವನು. ಅವನಿಗೂ ಕೈ ಮರಗಟ್ಟಿತು. ಅದೇ ದೊಡ್ಡ ರೋಗ ಎಂದರು. ಆಸ್ಪತ್ರೆಯಿಂದ ಯಾರೋ ಬಂದು ಹತ್ತಿ ಸವರಿ, ಸೂಜಿ ಚುಚ್ಚಿ ಹೋದರಂತೆ. ಮಾರನೆಯ ದಿನ ಊರವರು ಅವನನ್ನು ಕೆರೆ ಏರಿಯ ಆಚೆ ಒಂದು ಗುಡಿಸಲಿಗೆ ಹಾಕಿದರು. ಅವನ ಹೆಂಡತಿ ಕದಿರಮ್ಮ ದೂರದ ಒಂದು ಕಲ್ಲಿನ ಮೇಲೆ ಮುದ್ದೆ ಇಟ್ಟು ಬರುತ್ತಾಳೆ. ನಿನ್ನ ಮೊದಲ ಕಾಗದದಲ್ಲಿ ಹತ್ತಿ, ಸೂಜಿ ಎಂದು ಓದಿದ ಕ್ಷಣ ನನ್ನ ಎದೆ ಒಡೆದುಹೋಯಿತು. ನನ್ನ ತಮ್ಮನೇ ಹಿಡಿಯುವುದಕ್ಕೆ ಬರುತ್ತಿದ್ದಾನೆ ಅಂದುಕೊಂಡೆ. ಅದಕ್ಕೇ ಮಗೂನ ನಗರಗೆರೆಗೆ ಕಳಿಸಿದೆ.

ನಿನ್ನ ಎರಡನೇ ಕಾಗದವನ್ನು ನಿಮ್ಮ ಭಾವನ ಮುಂದೆ ಓದಬಾರದಿತ್ತು. "ಪೂರ್ತಿ ಓದು" ಎಂದರು. ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತೇವೆ ಎನ್ನುವ ಕಡೆ ನಾನು ನಿಲ್ಲಿಸಿದೆ. ಆಮೇಲೆ ಅಂದರು, "ಮೊದ್ಲೇ ಊರು ನಮ್ಮನ್ನ ಮುಟ್ಟಲ್ಲ. ಇನ್ನು ನಮ್ಮೋರೂ ಮುಟ್ಟದಂಗಾದ್ರೆ ಮನ್ಷ ಎಲ್ಲಿಗೆ ಹೋಗ್ಬೇಕು ಹೇಳು." ಅಂದಿನಿಂದ ತಟ್ಟೆ ಬೇರೆ, ಚಾಪೆ ಬೇರೆ ಮಾಡಿಕೊಂಡರು. ಮೊನ್ನೆ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತೇನೆಂದು ಹೋದವರು ಬರಲಿಲ್ಲ. ಮೇಸ್ತ್ರಿ ನರಸಿಂಹಪ್ಪನವರನ್ನು ಕೇಳಿದರೆ, "ಬಯ್ಯಪ್ಪ ಕೆಲಸಕ್ಕೇ ಬಂದಿಲ್ಲವಲ್ಲಮ್ಮ" ಎಂದರು.

ಈ ಸೀಮೆಯ ಬಾವಿಗಳೆಲ್ಲ ಅವರಿಗೆ ಗೊತ್ತು. ಯಾವುದು ಎಷ್ಟು ಆಳ, ಯಾವುದರ ತಳದಲ್ಲಿ ಬಂಡೆ ಇದೆ ಎಲ್ಲ ಗೊತ್ತು. ನನ್ನ ಭಯ ಅದೇ. ನಿನ್ನೆಯಿಂದ ಅವರು ಕೊರೆದ ಬಾವಿಗಳಿಗೆಲ್ಲ ಹೋಗಿ ಬಗ್ಗಿ ನೋಡುತ್ತಿದ್ದೇನೆ. ಗಂಡನ ಹೆಸರು ಹಿಡಿದು ಕೂಗಬಾರದು ಅನ್ನುತ್ತಾರೆ. ನಾನು ಹೆಸರು ಹಿಡಿದೇ ಕೂಗುತ್ತಿದ್ದೇನೆ. ನನ್ನ ದನಿಯೇ ವಾಪಸು ಬರುತ್ತದೆ.

ನೀನು ಡಾಕ್ಟರಾಗಿ ಬರಬೇಡ. ತಮ್ಮನಾಗಿ ಬಾ.

ಲಕ್ಷ್ಮಿ


ಚಿಕ್ಕಬಳ್ಳಾಪುರ
೩೧ ಡಿಸೆಂಬರ್ ೧೯೬೩

ಅಕ್ಕ,

ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಶಿಡ್ಲಘಟ್ಟದಲ್ಲೇ ನಿಲ್ಲುವ ಬಸ್ಸಿನ ಕಂಡಕ್ಟರು ಇದನ್ನು ನಿನಗೆ ಮುಟ್ಟಿಸುತ್ತೇನೆಂದಿದ್ದಾರೆ. ಅದಕ್ಕಿಂತ ಮುಂಚೆ ಚಿಂತಾಮಣಿಯ ಬಸ್ಸು ಹೊರಡುತ್ತದೆ. ನಾನು ನಿನ್ನ ಹತ್ತಿರ ಇಳಿಯದೆ ನೇರ ಅಲ್ಲಿಗೆ ಹೋಗುತ್ತಿದ್ದೇನೆ, ಅಲ್ಲಿಯ ಗ್ಯಾಂಗಿನವರನ್ನು ವಿಚಾರಿಸಿ ಮೊದಲು ಭಾವನವರನ್ನು ಹುಡುಕಬೇಕು. ಒಬ್ಬಳೇ ಬಾವಿಗೆ ಬಗ್ಗಬೇಡ. ನಿನಗೆ ತಲೆ ಸುತ್ತಿದರೆ ಹಿಡಿಯುವವರಿಲ್ಲ.

ಈಗ ನಾನು ಬರೆಯುವುದನ್ನು ಎರಡು ಸಲ ಓದು. ಭಾವನವರಿಗೆ ಆಗಿರುವುದು ಕುಷ್ಠ ಅಲ್ಲ. ನಾವು ಹುಡುಕುತ್ತಿದ್ದುದೇ ಭಾವನವರ ಕಾಯಿಲೆಯನ್ನು. ಅದು ಮಿಷನ್ನಿನಿಂದ ಬರುತ್ತದೆ. ದಿನವಿಡೀ ಅದು ಗಡಗಡ ಅದುರುತ್ತಿದ್ದರೆ ಬೆರಳಿನೊಳಗಿನ ಸಣ್ಣ ರಕ್ತನಾಳಗಳು ಕೆಡುತ್ತವೆ. ಚಳಿ ತಾಕಿದ ಕೂಡಲೇ ಮುಚ್ಚಿಕೊಳ್ಳುತ್ತವೆ. ರಕ್ತ ಬಾರದೆ ಬೆರಳು ಬೆಳ್ಳಗಾಗುತ್ತದೆ, ಜೋಮು ಹಿಡಿಯುತ್ತದೆ. ಬಿಸಿಲು ಬಂದರೆ ಮತ್ತೆ ಕೆಂಪಾಗುತ್ತದೆ. ಕುಷ್ಠದ ಮಚ್ಚೆ ಬೆಳಿಗ್ಗೆ ಬಂದು ಮಧ್ಯಾಹ್ನ ಹೋಗುವುದಿಲ್ಲ ಅಕ್ಕ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಕಣ್ಣಾರೆ ನೋಡದೆ ಡಾಕ್ಟರಾದವನು ಹೀಗೆ ಖಂಡಿತವಾಗಿ ಹೇಳಬಾರದು. ನಾನು ಹೇಳುತ್ತಿದ್ದೇನೆ. ಬಸ್ಸು ಬಂತು.

ಗಂಗುಲಪ್ಪ


ಚಿಂತಾಮಣಿ
೪ ಜನವರಿ ೧೯೬೪

ಅಕ್ಕ,

ಭಾವ ಸಿಕ್ಕಿದ್ದಾರೆಂದು ನಿನಗೆ ಹೇಳಿಕಳಿಸಿದ್ದು ತಲುಪಿತೆಂದು ತಿಳಿಯಿತು. ನಾಳೆ ಅವರೇ ಮನೆಗೆ ಬರುತ್ತಾರೆ. ಅವರು ಬಾಯಿ ಬಿಟ್ಟು ಎಲ್ಲ ಹೇಳುವವರಲ್ಲವೆಂದು ನಾನೇ ಬರೆಯುತ್ತಿದ್ದೇನೆ.

ಗ್ಯಾಂಗಿನವರನ್ನು ಕೇಳಿದೆ, ಸಂತೆಯಲ್ಲಿ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ನೀನು ಬರೆದಿದ್ದ ಕದಿರಮ್ಮನ ಮನೆಗೆ ಹೋದೆ. ಆಕೆ ಒಲೆ ಮುಂದೆ ಕೂತು ಮುದ್ದೆಯ ಹಿಟ್ಟು ತೊಳಸುತ್ತಿದ್ದಳು. ಬಯ್ಯಪ್ಪ ಈ ಕಡೆ ಬಂದಿದ್ದನೇ ಎಂದರೆ ಇಲ್ಲವೆಂದಳು. ಎದ್ದು ಹೊರಟೆ. ಅಷ್ಟರಲ್ಲಿ ತಾನಾಗಿಯೇ, "ಏನೋಪ್ಪ, ನಮ್ಮೆಜಮಾನ್ರು ಈಚೆಗೆ ಎರಡು ಮುದ್ದೆ ಇಡು ಅಂತ ಏರಿ ಮೇಲಿಂದ ಕೂಗಿ ಹೇಳ್ತಾರೆ. ಹಸಿವು ಜಾಸ್ತಿಯಾದ್ರೂ ಒಳ್ಳೇದೇ ಅಲ್ವಾ" ಎಂದಳು.

ನಾನು ಓಡಿದೆ ಅಕ್ಕ.

ಗುಡಿಸಲಿನ ಮುಂದೆ ಇಬ್ಬರು ಕೂತಿದ್ದರು. ಒಬ್ಬ ಎದ್ದು, "ಎವರು? ಅಕ್ಕಡೇ ನಿಲ್ಲು, ಹತ್ರ ಬರ್ಬೇಡ!" ಎಂದು ತೆಲುಗು ಬೆರೆಸಿ ಕೂಗಿದ. ಅವನೇ ಎರ್ರಪ್ಪ. ಇನ್ನೊಬ್ಬರು ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ಬೆನ್ನು ನೋಡಿಯೇ ಭಾವ ಎಂದು ತಿಳಿಯಿತು. ಹತ್ತಿರ ಹೋಗಿ, "ಇಲ್ಲಿಗೆ ಯಾಕೆ ಬಂದ್ರಿ ಭಾವ?" ಎಂದೆ.

"ಬಾವಿಗೇ ಹೋಗಿದ್ದೆ ಕಣಪ್ಪ," ಎಂದರು. "ಕಟ್ಟೆ ಮೇಲೆ ನಿಂತೆ. ಆಮೇಲೆ, ಆ ನೀರು ಜನ ಕುಡೀತಾರಲ್ಲ ಅನ್ನಿಸ್ತು. ಇಲ್ಲಿಗೆ ಬಂದ್ಬಿಟ್ಟೆ. ಇಲ್ಲಿ ನನ್ನ ಕಂಡ್ರೆ ಹೆದರೋರು ಯಾರೂ ಇಲ್ಲ."

ಬೆಳಗಿನ ಚಳಿ ಇನ್ನೂ ಇಳಿದಿರಲಿಲ್ಲ. ಕೆರೆಯಿಂದ ಮಡಕೆಯಲ್ಲಿ ನೀರು ತಂದು ಅವರ ಎರಡೂ ಕೈಗಳನ್ನು ಮುಳುಗಿಸಿದೆ. ಹೊರಗೆ ತೆಗೆದಾಗ ಬೆರಳುಗಳು ಸುಣ್ಣದಲ್ಲಿ ಅದ್ದಿದಂತೆ ಗೆಣ್ಣಿನ ಮೇಲೆ ಗೆರೆ ಎಳೆದ ಹಾಗೆ ಬೆಳ್ಳಗಾಗಿದ್ದವು. ಪುಸ್ತಕದಲ್ಲಿ ಓದಿದ್ದೆನೇ ಹೊರತು ಅದುವರೆಗೂ ಕಂಡಿರಲಿಲ್ಲ. ಸೂಜಿ ಚುಚ್ಚಿದೆ. ಅವರು ಅಲ್ಲಾಡಲಿಲ್ಲ. ಸತ್ಯ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೂ ಜೀವ ಬಾಯಿಗೆ ಬಂತು. ಬಸ್ ಸ್ಟ್ಯಾಂಡಿನಲ್ಲಿ ಕೂತು ನಿನಗೆ ಮಾತು ಕೊಟ್ಟುಬಿಟ್ಟಿದ್ದೆನಲ್ಲ.

ಆ ಕೈಗಳನ್ನು ನನ್ನ ಕಂಕುಳಲ್ಲಿ ಇಟ್ಟುಕೊಂಡು ಬಿಸಿಲಿಗೆ ಕೂತೆ. ಸ್ವಲ್ಪ ಹೊತ್ತಿಗೆ ಭಾವ ಹಲ್ಲು ಕಚ್ಚತೊಡಗಿದರು. ತೆಗೆದು ನೋಡಿದರೆ ಬೆರಳುಗಳು ನೀಲಿ ತಿರುಗಿ, ಆಮೇಲೆ ಕೆಂಡದಂತೆ ಕೆಂಪಾದವು. ಮತ್ತೆ ಸೂಜಿ ಚುಚ್ಚಿದೆ.

"ಅಯ್ಯಪ್ಪಾ!" ಎಂದು ಕೂಗಿ ಕೈ ಕಿತ್ತುಕೊಂಡರು. ನನ್ನ ಮುಖ ನೋಡಿದರು. ಕೈ ಮತ್ತೆ ಮುಂದೆ ಚಾಚಿ, "ಇನ್ನೊಂದ್ಸಲ ಚುಚ್ಚು," ಎಂದರು.

ಅವರು ಅತ್ತಿದ್ದನ್ನು ನಾನು ಬರೆದೆನೆಂದು ಹೇಳಬೇಡ.

ಎರ್ರಪ್ಪ ಎಲ್ಲ ನೋಡುತ್ತಾ ನಿಂತಿದ್ದ. "ನಾನೂ ಅದೇ ಮಿಷನ್ ಹಿಡ್ದೋನು ಸ್ವಾಮಿ. ನಂದೂ ನೋಡಿ," ಎಂದು ಬಂದು ಕೂತ. ಅವನಿಗೂ ಅದೇ ಮಾತು ಹೇಳಬಹುದೆಂದು ನಾನು ಹಿಗ್ಗಿಹೋಗಿದ್ದೆ. ಅವನ ಬೆರಳು ತಣ್ಣೀರಿನಲ್ಲಿ ಬೆಳ್ಳಗಾಗಲಿಲ್ಲ. ಮುಂಗೈ ಮೇಲೆ ಒಂದು ಮಾಸಲು ಮಚ್ಚೆ ಇತ್ತು. ಕಣ್ಣು ಮುಚ್ಚಿಸಿ ಹತ್ತಿ ಸವರಿದರೆ ಬಿಸಿಲಲ್ಲೂ ತಿಳಿಯಲಿಲ್ಲ. ಮೊಣಕೈ ಹಿಂದಿನ ನರ ಹಗ್ಗದಂತೆ ದಪ್ಪವಾಗಿ ಬೆರಳಿಗೆ ಸಿಕ್ಕಿತು. ಹತ್ತಿ, ಸೂಜಿ ಎತ್ತಿಟ್ಟೆ.

"ನಂದು ಮಿಷನ್ದಲ್ಲ, ಅಲ್ವಾ?" ಎಂದ.

"ಅಲ್ಲ ಎರ್ರಪ್ಪ. ಆದ್ರೆ ಈಗ ಇದಕ್ಕೆ ಮಾತ್ರೆ ಇದೆ. ಬಹಳ ದಿನ ತಗೋಬೇಕು. ತಗೊಂಡ್ರೆ ನೀನು ಮನೇಲೇ ಇರಬಹುದು."

ಅವನು ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಭಾವನನ್ನೇ ನೋಡುತ್ತಿದ್ದ. ಅವನ ಭುಜಕ್ಕೆ ಭುಜ ತಾಗಿಸಿ ಕೂತಿದ್ದ ಭಾವ ಒಂದು ಗೇಣು ಪಕ್ಕಕ್ಕೆ ಸರಿದಿದ್ದರು. ದಿನಗಟ್ಟಲೆ ಅವನ ಜೊತೆ ಉಂಡಿದ್ದರು, ಮಲಗಿದ್ದರು, ಆದರೂ ಸರಿದರು. ನಾನು ಅವರನ್ನು ಏನೆಂದು ಅನ್ನಲಿ? ಓದಿದವನು ನಾನು. ಕೆರೆಗೆ ಇಳಿದು ಮೊಣಕೈವರೆಗೂ ಉಜ್ಜಿ ಉಜ್ಜಿ ತೊಳೆದುಕೊಂಡೆ.

ಭಾವನವರ ಕೈ ಪೂರ್ತಿ ಮೊದಲಿನಂತೆ ಆಗುತ್ತದೆಂದು ಹೇಳಲಾರೆ. ಇನ್ನೂ ಮಿಷನ್ ಹಿಡಿದರೆ ಹಿಡಿತವೇ ಹೋಗುತ್ತದೆ. ಬೀಡಿಯನ್ನೂ ಬಿಡಿಸು, ಅದೂ ರಕ್ತನಾಳಕ್ಕೆ ಕೇಡು. ಕೈ ಬೆಚ್ಚಗಿರಲಿ. ಮೇಸ್ತ್ರಿಯ ಹತ್ತಿರ ನಾನು ಮಾತಾಡುತ್ತೇನೆ.

ಗಂಗುಲಪ್ಪ


ಶಿಡ್ಲಘಟ್ಟ
೨೩ ಜನವರಿ ೧೯೬೪

ಚಿರಂಜೀವಿ ಗಂಗುಲಪ್ಪನಿಗೆ ಆಶೀರ್ವಾದ.

ತಡವಾಗಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಕೊಂಡಮ್ಮನನ್ನು ಕರೆತಂದಾಯಿತು. ಮೇಸ್ತ್ರಿ ನಿಮ್ಮ ಭಾವನಿಗೆ ಮೇಲೆ ನಿಂತು ಕಂಪ್ರೆಸರ್ ಇಂಜಿನ್ ನೋಡಿಕೊಳ್ಳುವ ಕೆಲಸ ಕೊಟ್ಟಿದ್ದಾರೆ. ಗ್ಯಾಂಗಿನಲ್ಲಿ ಇನ್ನೂ ಮೂವರು ಕೈ ಬಚ್ಚಿಟ್ಟುಕೊಂಡಿದ್ದರಂತೆ. ನಿಮ್ಮ ಜೀಪು ಬಂದ ದಿನ ಇವರೇ ಅವರನ್ನು ನಿನ್ನ ಮುಂದೆ ಕರೆದು ತಂದರಲ್ಲ.

ಆದರೆ ನಿಮ್ಮ ಭಾವ ಮನೆಗೆ ಬಂದ ಮೇಲೂ ಸರಿಯಾಗಿ ಉಣ್ಣುತ್ತಿರಲಿಲ್ಲ. ನಾನು ಕೈ ನೋವು ಅಂದುಕೊಂಡಿದ್ದೆ. ಒಂದು ದಿನ ಮಗೂನ ತೊಡೆಯ ಮೇಲೆ ಕೂರಿಸಿಕೊಂಡವರು ಇದ್ದಕ್ಕಿದ್ದಂತೆ, "ನಾನು ಸರಿದುಬಿಟ್ಟೆ ಕಣೇ. ಅವ್ನ ಮುದ್ದೆ ತಿಂದು ಬದುಕಿದೋನು ನಾನು, ಪಕ್ಕಕ್ಕೆ ಸರಿದುಬಿಟ್ಟೆ. ಅವ್ನು ನೋಡ್ದ," ಎಂದರು. ನಿನ್ನ ಕಾಗದದಲ್ಲಿ ಓದಿದ್ದೆನಾದರೂ ನಾನು ಏನೂ ಗೊತ್ತಿಲ್ಲದವಳಂತೆ ಕೂತಿದ್ದೆ.

ಮಾರನೆಯ ಬೆಳಿಗ್ಗೆ ಚಿಂತಾಮಣಿಗೆ ಹೋದರು. ಎರ್ರಪ್ಪನನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮಾತ್ರೆ ಕೊಡಿಸುತ್ತೇನೆಂದು ಹೋದರು. ಮೊದಲು ಅವನು ಬರಲು ಒಪ್ಪಲಿಲ್ಲವಂತೆ. ಆಮೇಲೆ ಬಸ್ಸಿನಲ್ಲಿ ಯಾರೋ ಗುರುತು ಹಿಡಿದು ಕೂಗಾಡಿ, ಅರ್ಧ ದಾರಿಯಲ್ಲಿ ಇಳಿಸಿಬಿಟ್ಟರಂತೆ. ಅಲ್ಲಿಂದ ನಡೆದೇ, ದಾರಿಯಲ್ಲಿ ಸಿಗುವ ನಮ್ಮೂರಿಗೆ ಬಂದಿದ್ದಾರೆ.

ನಿನ್ನೆ ಸಂಜೆ ನಾನು ಬಾಗಿಲು ಸಾರಿಸುತ್ತಿದ್ದೆ. ತಲೆ ಎತ್ತಿ ನೋಡಿದರೆ ನಮ್ಮ ಬೀದಿಯಲ್ಲಿ ಇವರು ಬರುತ್ತಿದ್ದಾರೆ. ಪಕ್ಕದಲ್ಲಿ ಎರ್ರಪ್ಪ. ಅವನ ಕೈ ಇವರ ಕೈಯಲ್ಲಿತ್ತು. ಹಿಂದೆ ಕದಿರಮ್ಮ, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು. ಬೀದಿಯವರೆಲ್ಲ ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳುವ ಸದ್ದು ಒಂದಾದ ಮೇಲೊಂದು ಕೇಳಿಸಿತು. ನನಗೆ ಹೇಗಾಯಿತು ಎಂದು ಹೇಗೆ ಬರೆಯಲಿ? ನೀನು ಅಷ್ಟೆಲ್ಲ ವಿವರವಾಗಿ ಬರೆದಿದ್ದೆ. ಮಾತ್ರೆ ಇದೆ, ಮನೆಯಲ್ಲೇ ಇರಬಹುದು ಎಂದೆಲ್ಲ. ಅದು ಇದ್ದದ್ದು ಕಾಗದದಲ್ಲಿ. ಮನುಷ್ಯ ನಿಂತಿದ್ದು ನನ್ನ ಬಾಗಿಲಲ್ಲಿ. ನನ್ನ ಮಗು ಒಳಗಿತ್ತು.

ಅವನು ಮೆಟ್ಟಿಲು ಹತ್ತಲಿಲ್ಲ. ಬೀದಿಯಲ್ಲೇ ನಿಂತು, "ಗಂಟ್ಲು ಒಣಗ್ತೈತೆ ತಾಯಿ. ಒಂದಿಷ್ಟು ನೀರು," ಎಂದ. ಬೊಗಸೆ ಒಡ್ಡಿದ.

ನಾನು ಚೊಂಬಿನಲ್ಲಿ ನೀರು ತಂದೆ. ಅವನಿಗೆ ತಾಗದ ಹಾಗೆ ಮೇಲೆ ಎತ್ತಿ ಹಿಡಿದು ಬೊಗಸೆಗೆ ಸುರಿಯುವುದಕ್ಕೆ ಶುರುಮಾಡಿದೆ. ಅವನು ಬಗ್ಗಿ ಕುಡಿಯುತ್ತಿದ್ದ. ಅರ್ಧ ನೀರು ಬೆರಳ ಸಂದಿಯಿಂದ ಸೋರಿಹೋಗುತ್ತಿತ್ತು. ಆಗ ನನಗೆ ನಮ್ಮ ಅವ್ವನ ನೆನಪಾಯಿತು. ಗೌಡರ ಹೊಲದಲ್ಲಿ ಕಳೆ ಕಿತ್ತು ದಣಿದು ಬಂದು, ಅವರ ಬಾಗಿಲ ಮುಂದೆ ಹೀಗೇ ಬೊಗಸೆ ಒಡ್ಡಿ ಬಗ್ಗುತ್ತಿದ್ದಳಲ್ಲ. ಅವರೂ ಹೀಗೇ ಎತ್ತಿ ಹಿಡಿದು ಸುರಿಯುತ್ತಿದ್ದರು. ನೀನು ಚಿಕ್ಕವನು, ಅವಳ ಸೆರಗು ಹಿಡಿದು ನಿಂತಿರುತ್ತಿದ್ದೆ.

ಸುರಿಯುವುದನ್ನು ನಿಲ್ಲಿಸಿದೆ. ಎರ್ರಪ್ಪ ಇಷ್ಟೇ ಕೊಡುವುದೇನೋ ಎಂದುಕೊಂಡು ಬಾಯಿ ಒರೆಸಿಕೊಂಡ.

ನನಗೆ ಭಯ ಹೋಗಿರಲಿಲ್ಲ ಗಂಗುಲಪ್ಪ. ಈಗಲೂ ಹೋಗಿಲ್ಲ. ಹಾಗೆಯೇ ಮೆಟ್ಟಿಲು ಇಳಿದು ಹೋಗಿ ಚೊಂಬನ್ನು ಅವನ ಕೈಗೆ ಕೊಟ್ಟೆ.

ಅವನಿಗೆ ಅದನ್ನು ಹೇಗೆ ಹಿಡಿಯಬೇಕೋ ತೋಚಲಿಲ್ಲ. ಕದಿರಮ್ಮ ಬಂದು ಅವನ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಹಿಡಿದಳು. ಕುಡಿಸಿದಳು.

ನಿನ್ನ ಅಕ್ಕ
ಲಕ್ಷ್ಮಿದೇವಮ್ಮ